ಪೀನಟ್ ಬಟರ್ ಬ್ಯಾಚ್ 14: ಕೊನೆಗೂ ಎಣ್ಣೆ ಒಳಗೇ ನಿಂತಿತು

ಮನೆಯಲ್ಲೇ ಶೇಂಗಾ ಅರೆದು ಈ ಪೀನಟ್ ಬಟರ್ ಮಾಡಿ ಇವತ್ತಿಗೆ 23 ದಿನ. ಬಾಟಲಿ ಫ್ರಿಜ್‌ನಲ್ಲಿಲ್ಲ, ಅಡುಗೆಮನೆ ಕಿಟಕಿಯ ಪಕ್ಕದಲ್ಲೇ ಇದೆ. ಪುಣೆಯ ಏಪ್ರಿಲ್ ಮಧ್ಯಾಹ್ನ ಅಂದರೆ ಆ ಜಾಗದಲ್ಲಿ 35 ಡಿಗ್ರಿ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಮುಚ್ಚಳ ತೆಗೆದು ನೋಡುತ್ತಿದ್ದೇನೆ. ಮೇಲೆ ಒಂದು ಹನಿ ಎಣ್ಣೆ ಇಲ್ಲ!

ಹುರಿಯುವುದು, ಸಿಪ್ಪೆ ಉಜ್ಜಿ ಕೇರುವುದು, ಮಿಕ್ಸಿಯಲ್ಲಿ ಪುಡಿ ಮಾಡಿ ಟೇಬಲ್‌ಟಾಪ್ ಗ್ರೈಂಡರ್‌ಗೆ ಸುರಿಯುವುದು, ಇದೆಲ್ಲ ಎಲ್ಲರಿಗೂ ಗೊತ್ತಿರುವುದೇ. ಈ ಸಲ ಬರೀ ಎಣ್ಣೆಯ ಕತೆ.

ಶುರುವಾಗಿದ್ದು ಪುಣೆಯ ಕೋಥ್ರೂಡಿನ ಒಂದು ಅಂಗಡಿಯಲ್ಲಿ. ಮಗಳಿಗೆ ಚಪಾತಿಗೆ ಹಚ್ಚಲು ಪೀನಟ್ ಬಟರ್ ಬೇಕಿತ್ತು. ಒಂದು ಕೈಯಲ್ಲಿ ಕ್ರೀಮಿ ಬಾಟಲಿ: ಶೇಂಗಾ, ಸಕ್ಕರೆ, ಹೈಡ್ರೋಜನೀಕರಿಸಿದ (ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿದ) ಎಣ್ಣೆ, ಎಮಲ್ಸಿಫೈಯರ್ (ಎಲ್ಲ ಬೇರೆಯಾಗದಂತೆ ಹಿಡಿದಿಡುವ ವಸ್ತು), ಉಪ್ಪು. ಇನ್ನೊಂದು ಕೈಯಲ್ಲಿ ನ್ಯಾಚುರಲ್: ಬರೀ ಶೇಂಗಾ, ಮೇಲೆ ಎರಡು ಬೆರಳು ಎಣ್ಣೆ, ತಳದಲ್ಲಿ ಸಿಮೆಂಟು. ಕ್ಯಾಲರಿಯಲ್ಲಿ, ಪ್ರೋಟೀನಿನಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ನನಗೆ ಬೇಕಾಗಿದ್ದು ಎರಡನೆಯದರ ರುಚಿ, ಮೊದಲನೆಯದರ ಹದ. ನಾನೇ ಮಾಡಬಹುದಲ್ವಾ ಅನ್ನಿಸಿತು. ಆಮೇಲೆ ಹದಿಮೂರು ಬ್ಯಾಚ್ ಹೋದವು.

ಶೇಂಗಾದಲ್ಲಿ ಹೆಚ್ಚೂಕಮ್ಮಿ ಅರ್ಧದಷ್ಟು ಎಣ್ಣೆಯೇ. ಅರೆದಾಗ ಅದು ಹೊರಗೆ ಬಂದು, ಸಣ್ಣ ಕಣಗಳು ಅದರಲ್ಲಿ ತೇಲುತ್ತವೆ. ನಿಧಾನವಾಗಿ ಕಣ ಕೆಳಗೆ ಕೂರುತ್ತದೆ, ಎಣ್ಣೆ ಮೇಲೆ ಉಳಿಯುತ್ತದೆ. ಕಣ ಅರ್ಧದಷ್ಟು ಸಣ್ಣದಾದರೆ ಕೂರುವ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ಅದಕ್ಕೇ ಮೊದಲ ಐದು ಬ್ಯಾಚ್ ಪೂರ್ತಿ ನುಣ್ಣಗೆ ಅರೆಯುವುದರಲ್ಲೇ ಕಳೆದೆ. 20 ನಿಮಿಷ, 40 ನಿಮಿಷ, ಒಂದೂವರೆ ಗಂಟೆ. ನುಣುಪೇನೋ ರೇಷ್ಮೆಯಂತೆ ಬಂತು. ಆದರೆ ಅರೆದಷ್ಟೂ ಪೇಸ್ಟ್ ತೆಳ್ಳಗಾಗುತ್ತದೆ, ತೆಳ್ಳಗಾದರೆ ಕಣ ಮತ್ತೆ ಸಲೀಸಾಗಿ ಕೂರುತ್ತದೆ. ಎಣ್ಣೆ ಎರಡನೇ ದಿನದ ಬದಲು ಐದನೇ ದಿನ ಬಂತು, ಅಷ್ಟೇ.

ಕಾರ್ಖಾನೆಯವರು ಈ ಒಗಟನ್ನು ಬಿಡಿಸಿ ನೂರು ವರ್ಷ ಆಯಿತು. ಅಮೆರಿಕದ ಜೋಸೆಫ್ ರೋಸ್‌ಫೀಲ್ಡ್ 1920ರ ದಶಕದಲ್ಲೇ ಎಣ್ಣೆಯ ಒಂದು ಪಾಲನ್ನು ಹೈಡ್ರೋಜನೀಕರಿಸಿ ಗಟ್ಟಿ ಮಾಡುವ ದಾರಿ ಕಂಡುಕೊಂಡಿದ್ದರು. ಸ್ಕಿಪ್ಪಿ ಅನ್ನುವ ಪೀನಟ್ ಬಟರ್ ಬ್ರ್ಯಾಂಡ್ ಶುರುವಾಗಿದ್ದು ಅವರಿಂದಲೇ. ಈಗ ನೂರಕ್ಕೆ ಒಂದೆರಡು ಪಾಲು ಗಟ್ಟಿ ಕೊಬ್ಬನ್ನು ಬಿಸಿ ಪೇಸ್ಟಿನಲ್ಲಿ ಕರಗಿಸಿ ಬೇಗ ತಣ್ಣಗಾಗಿಸುತ್ತಾರೆ. ಕೊಬ್ಬು ಸಣ್ಣ ಹರಳಾಗಿ ಜಾಲ ಕಟ್ಟುತ್ತದೆ, ಎಣ್ಣೆ ಆ ಜಾಲದಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಕೊಬ್ಬು ಪೂರ್ತಿ ಹೈಡ್ರೋಜನೀಕರಿಸಿದ್ದಾದರೆ ಹೃದಯಕ್ಕೆ ಕೆಟ್ಟದಾದ ಟ್ರಾನ್ಸ್ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ನಮ್ಮಲ್ಲಿ 2022ರ ಜನವರಿಯಿಂದ ಎಣ್ಣೆ, ಕೊಬ್ಬಿನಲ್ಲಿ ಅದರ ಮಿತಿ ನೂರಕ್ಕೆ 2. ಹಾಗಾಗಿ ಅಂಗಡಿ ಬಾಟಲಿ ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ: ಈ ಎಣ್ಣೆಗಿಂತ ಮೊದಲು ಸಕ್ಕರೆ ಎಷ್ಟಿದೆ ನೋಡಿ.

ಮನೆಗೆ ಸಿಗುವ ಗಟ್ಟಿ ಕೊಬ್ಬು ಅಂದರೆ ವನಸ್ಪತಿ. ಬ್ಯಾಚ್ 7ಕ್ಕೆ ಅದನ್ನೇ ಹಾಕಿದೆ. ಜನವರಿಯಲ್ಲಿ ಚೆನ್ನಾಗಿ ನಿಂತಿತು. ಗೆದ್ದೆ ಅಂದುಕೊಂಡೆ. ಮಾರ್ಚ್ ಬಂದ ಕೂಡಲೇ ಬಾಟಲಿ ಕೈಬಿಟ್ಟಿತು. ನಮ್ಮ ದೇಶದ ಆಹಾರ ನಿಯಮದ ಪ್ರಕಾರ ವನಸ್ಪತಿ ಕರಗುವ ಬಿಂದು 31ರಿಂದ 41 ಡಿಗ್ರಿ. ಶೇಂಗಾ ಎಣ್ಣೆ ಜೊತೆ ಸೇರಿದರೆ ಇನ್ನೂ ಕಡಿಮೆಗೇ ಕರಗುತ್ತದೆ. ಪುಣೆಯ ಬೇಸಿಗೆಗೆ ಅದು ಆಗದ ಮಾತು.

ನಡುವೆ ಎರಡು ಬ್ಯಾಚ್ ಮಾರ್ಕೆಟ್ ಯಾರ್ಡಿನ ಒಬ್ಬ ವ್ಯಾಪಾರಿಯಿಂದಾಗಿ ಹಾಳಾದವು. ತೋರಿಸಿದ್ದು ಹೊಸ ಬೋಲ್ಡ್ (ದಪ್ಪ ಜಾತಿಯ) ಕಾಳು. ಚೀಲದಲ್ಲಿ ಕೊಟ್ಟಿದ್ದು ಕಮಟು ವಾಸನೆಯ ಹಳೆಯದು. ಸುಕ್ಕು ಬಿದ್ದ, ಕಪ್ಪಾದ, ಬೂಸ್ಟು ಹಿಡಿದ ಕಾಳನ್ನು ಒಂದೊಂದಾಗಿ ಆರಿಸಿ ಎಸೆದೆ. ಬೂಸ್ಟಿನ ಅಫ್ಲಾಟಾಕ್ಸಿನ್ ಅನ್ನುವ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಐದು ಕಿಲೋದಲ್ಲಿ ಒಂದೂವರೆ ಕಿಲೋ ಕಸ. ದಯವಿಟ್ಟು ಚೀಲದ ತಳಕ್ಕೆ ಕೈ ಹಾಕಿ ನೋಡಿಯೇ ದುಡ್ಡು ಕೊಡಿ. ಈಗ ನಾನು ಜಾವಾ ಜಾತಿಯ ಕಾಳಿಗೆ ಬದಲಾಗಿದ್ದೇನೆ, ಸಣ್ಣದಾದರೂ ಪರಿಮಳ ಜಾಸ್ತಿ.

ವನಸ್ಪತಿ ಸೋತ ಮೇಲೆ ಹೊಳೆದಿದ್ದು ಜೇನುಮೇಣ. ಕರಗುವುದು 62ರಿಂದ 65 ಡಿಗ್ರಿಗೆ. ತಿನ್ನಬಹುದು. ಎಣ್ಣೆಯಲ್ಲಿ ಕರಗಿಸಿ ಆರಿಸಿದರೆ ಎಣ್ಣೆಯನ್ನೇ ಹೆಪ್ಪುಗಟ್ಟಿಸುತ್ತದೆ. ಆನ್‌ಲೈನ್‌ನಲ್ಲಿ ತರಿಸಿದ ಮೊದಲ ಪೊಟ್ಟಣ ಬಿಚ್ಚಿದರೆ ಮೇಣದಬತ್ತಿಯ ವಾಸನೆ. ಕರಗಿಸಿ ನೋಡಿದರೆ 54ಕ್ಕೇ ನೀರಾಯಿತು. ಪ್ಯಾರಾಫಿನ್ ಬೆರೆಸಿದ್ದಾರೆ ಅಂತ ವಾಪಸ್ ಕಳಿಸಿದೆ. ತಿನ್ನುವ ವಸ್ತು ಅಂತ ಹೇಳಿ ಮಾರುವಾಗ ಹೀಗೆ ಮಾಡಬಾರದು, ನಿಜಕ್ಕೂ ಸಿಟ್ಟು ಬಂತು. ಕೊನೆಗೆ ಮಹಾಬಳೇಶ್ವರದ ಕಡೆ ಜೇನು ಸಾಕುವವರೊಬ್ಬರು 200 ಗ್ರಾಂ ಕೊಟ್ಟರು. 2022ರಲ್ಲಿ ಜೇನಿನ ಹಳ್ಳಿ ಅಂತ ಘೋಷಣೆಯಾದ ಮಾಂಘರ್ ಅಲ್ಲೇ ಹತ್ತಿರ. ಆ ಮೇಣದ ವಾಸನೆಗೇ ಅರ್ಧ ಖುಷಿಯಾಯಿತು.

500 ಗ್ರಾಂ ಪೇಸ್ಟಿಗೆ 5 ಗ್ರಾಂ ಹಾಕಿದಾಗ ಒಂಬತ್ತನೇ ದಿನ ಎಣ್ಣೆಯ ತೆಳು ಪದರ ಬಂತು. 10 ಗ್ರಾಂ ಹಾಕಿದಾಗ ಎಣ್ಣೆ ಬರಲೇ ಇಲ್ಲ, ಆದರೆ ಅಂಗುಳಿಗೆ ಮೇಣ ಅಂಟಿದ ಹಾಗಾಯಿತು. ಮಗಳು ಒಂದೇ ತುತ್ತಿಗೆ ತಟ್ಟೆ ತಳ್ಳಿದಳು. ಏಳೂವರೆ ಗ್ರಾಂ ಸರಿಯಾದ ಅಳತೆ.

ಅಳತೆ ಸಿಕ್ಕರೂ ಬ್ಯಾಚ್ 13 ಕೆಟ್ಟಿತು. ಬೇಗ ಆರಿಸಲು ಪಾತ್ರೆಯನ್ನು ಐಸ್ ನೀರಿನಲ್ಲಿ ಇಟ್ಟು ಕಲಕುತ್ತಿದ್ದೆ. ನೀರು ಸಿಡಿದು ಒಂದು ಚಮಚದಷ್ಟು ಒಳಗೆ ಬಿತ್ತು. ಕಣ್ಣೆದುರೇ ಪೇಸ್ಟ್ ಬಿಗಿದು ಕುಂಬಾರನ ಮಣ್ಣಾಯಿತು. ನೀರು ತಾಗಿದರೆ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಬೆಲ್ಲ ಅಥವಾ ಜೇನುತುಪ್ಪ ಹಾಕಿದಾಗ ಗಟ್ಟಿಯಾಗುವುದೂ ಇದಕ್ಕೇ. ಅದನ್ನು ಎಸೆಯಲಿಲ್ಲ, ಬೆಲ್ಲ ಸೇರಿಸಿ ಶೇಂಗಾ ಹೋಳಿಗೆಯ ಹೂರಣ ಮಾಡಿದೆ. ಎಲ್ಲರೂ ಎರಡೆರಡು ತಿಂದರು.

ಬ್ಯಾಚ್ 14 ಹೀಗೆ: ಗ್ರೈಂಡರ್‌ನಲ್ಲಿ 40 ನಿಮಿಷ. ಪೇಸ್ಟನ್ನು 75 ಡಿಗ್ರಿಗೆ ಬಿಸಿ ಮಾಡಿ, ಕರಗಿಸಿದ ಮೇಣ ಹಾಕಿ ಐದು ನಿಮಿಷ ಕಲಕಿದೆ. ಅಗಲ ಸ್ಟೀಲ್ ತಟ್ಟೆಯನ್ನು ಒಂದು ರಾತ್ರಿ ಫ್ರೀಜರ್‌ನಲ್ಲಿಟ್ಟು, ಒಣ ಬಟ್ಟೆಯಲ್ಲಿ ಒರೆಸಿ, ಪೇಸ್ಟನ್ನು ಅದರ ಮೇಲೆ ಹರಡಿ ಕೈಬಿಡದೆ ಕಲಸಿದೆ. ನೀರಿನ ಗೊಡವೆಯೇ ಇಲ್ಲ. ಇನ್ನೂ ಹರಿಯುವ ಹದದಲ್ಲಿದ್ದಾಗ ಬಾಟಲಿಗೆ ತುಂಬಿ ಎರಡು ದಿನ ಅಲುಗಿಸದೆ ಬಿಟ್ಟೆ. ಇದೇ ಮುಖ್ಯ. ಜಾಲ ಕಟ್ಟುವಾಗ ಚಮಚ ಆಡಿಸಿದರೆ ಹರಿದುಹೋಗುತ್ತದೆ.

ಮುಂದಿನದು ಗುರೆಳ್ಳು. ಶೇಂಗಾ ಮೂರು ಪಾಲು, ಹುರಿದ ಗುರೆಳ್ಳು ಒಂದು ಪಾಲು, ಸ್ವಲ್ಪ ಬ್ಯಾಡಗಿ ಖಾರ. ನಮ್ಮ ಗುರೆಳ್ಳು ಚಟ್ನಿಯನ್ನೇ ಬಾಟಲಿಯಿಂದ ಹಚ್ಚಿಕೊಳ್ಳುವ ಹಾಗೆ ಮಾಡುವ ಆಸೆ. ಗಿರ್ನಾರ್-4 ಅನ್ನುವ ಶೇಂಗಾ ತಳಿಯ ಬೀಜವನ್ನೂ ಹುಡುಕುತ್ತಿದ್ದೇನೆ. ಅದರ ಎಣ್ಣೆಯಲ್ಲಿ ಓಲಿಯಿಕ್ ಆಮ್ಲ ಅನ್ನುವ ಕೊಬ್ಬಿನಾಮ್ಲ ಜಾಸ್ತಿ, ಅದಕ್ಕೇ ಬೇಗ ಕಮಟುವುದಿಲ್ಲ. ಯಾರ ಬಳಿಯಾದರೂ ಐದು ಕಿಲೋ ಇದ್ದರೆ ತಿಳಿಸಿ.

ಬಾಗಲಕೋಟೆಯಿಂದ ಅವ್ವ ಬಂದಿದ್ದಾಳೆ. ನಿನ್ನೆ ಬಾಟಲಿಯನ್ನು ಹೆಮ್ಮೆಯಿಂದ ಮುಂದಿಟ್ಟೆ. ರೊಟ್ಟಿಗೆ ಹಚ್ಚಿ ತಿಂದಳು, ತಲೆ ಆಡಿಸಿದಳು. ಆಮೇಲೆ ಬಾಟಲಿಯೊಳಗೆ ಇಣುಕಿ ಕೇಳಿದಳು: "ರುಚಿ ಐತಿ. ಆದ್ರ ಮ್ಯಾಲಿನ ಎಣ್ಣಿ ಎಲ್ಲೈತಿ? ಖಾರಪುಡಿಗೆ ಅದ ಬೇಕಲ್ಲ."

ಬ್ಯಾಚ್ 15ರಲ್ಲಿ ಅರ್ಧ ಕಿಲೋ ಪೇಸ್ಟನ್ನು ಮೇಣ ಹಾಕದೆ ಅವ್ವನಿಗೆ ಎತ್ತಿಡುತ್ತೇನೆ. ಕಾಳು ಈಗಾಗಲೇ ಹುರಿದು ಆರಲು ಹಾಕಿದೆ.