ಆಗುಂಬೆಗೆ ಬಸ್ಸಿನಲ್ಲಿ ಹೋಗುವವರಿಗೆ

ಆಗುಂಬೆಗೆ ಹೊರಡುವವರು ಮಳೆ, ಸೂರ್ಯಾಸ್ತ, ಜಲಪಾತಗಳ ಬಗ್ಗೆ ಸಾಕಷ್ಟು ಓದಿರುತ್ತಾರೆ. ಅಲ್ಲಿ ಎಷ್ಟು ಜನ ಇದ್ದಾರೆ, ಅವರು ಹೇಗೆ ಓಡಾಡುತ್ತಾರೆ ಎಂಬುದನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಸ್ವಂತ ವಾಹನವಿಲ್ಲದೆ ಹೋಗುವವರಿಗೆ ಮೊದಲು ಬೇಕಾದ ಮಾಹಿತಿಯೇ ಅದು.

ತೀರ್ಥಹಳ್ಳಿ ತಾಲ್ಲೂಕಿನ ಈ ಊರಿನ ಪೇಟೆ ಎಂದರೆ ರಸ್ತೆಯ ಎರಡೂ ಬದಿಯ ಮನೆ, ಅಂಗಡಿಗಳ ಸಾಲು, ಒಂದು ದೇವಸ್ಥಾನ, ಬಸ್ ನಿಲ್ದಾಣ, ಅಷ್ಟೇ. ಉಳಿದ ಮನೆಗಳು ಮಲೆನಾಡಿನ ರೀತಿಯಲ್ಲಿ ತೋಟ, ಗದ್ದೆಗಳ ನಡುವೆ ದೂರದೂರಕ್ಕೆ ಚದುರಿವೆ. ಹಲವು ಮನೆಗಳಲ್ಲಿ ವಯಸ್ಸಾದವರಷ್ಟೇ ಉಳಿದಿದ್ದಾರೆ; ಮಕ್ಕಳು ಬೆಂಗಳೂರಿನಲ್ಲಿ. ಕೊನೆಯ ಜನಗಣತಿ ನಡೆದದ್ದು 2011ರಲ್ಲಿ. ಆಗಿನ ಅಂಕಿಗಳನ್ನು ನೋಡಿ ಇಂದಿನ ಊರನ್ನು ಅಂದಾಜು ಮಾಡಲಾಗದು. ಆದರೆ ಆ ಜನಗಣತಿಯ ಜಿಲ್ಲಾ ಕೈಪಿಡಿಯಲ್ಲಿ ಪ್ರತಿ ಗ್ರಾಮಕ್ಕೂ ಬಸ್ ಇದೆಯೇ, ಇಲ್ಲದಿದ್ದರೆ ಎಷ್ಟು ದೂರದಲ್ಲಿ ಸಿಗುತ್ತದೆ ಎಂಬ ವಿವರವಿದೆ. ಒಳಗಿನ ಹಳ್ಳಿಗಳಿಗೂ ಹೋಗಬೇಕೆಂದಿದ್ದರೆ ಅದನ್ನೊಮ್ಮೆ ತಿರುವಿ ನೋಡಿ.

ಇಲ್ಲಿಗೆ ರೈಲಿಲ್ಲ. ಕರಾವಳಿಯಿಂದ ಬರುವವರು ಉಡುಪಿಯಲ್ಲಿ ಇಳಿದು ಹೆಬ್ರಿ, ಸೋಮೇಶ್ವರದ ಮೂಲಕ ಘಾಟಿ ಹತ್ತಬೇಕು. ಒಟ್ಟು ಸುಮಾರು 55 ಕಿಲೋಮೀಟರ್. ಘಾಟಿಯ 14 ತಿರುವುಗಳಲ್ಲಿ ಭಾರಿ ವಾಹನಗಳಿಗೆ ನಿರ್ಬಂಧವಿರುವುದರಿಂದ ಓಡುವುದು ಮಿನಿ ಬಸ್‌ಗಳು. ದೊಡ್ಡ ಸೂಟ್‌ಕೇಸಿಗೆ ಅದರಲ್ಲಿ ಜಾಗವಿಲ್ಲ, ಬೆನ್ನಿನ ಚೀಲವೇ ಸರಿ. ತಲೆ ಸುತ್ತುವವರು ಮುಂದಿನ ಸೀಟು ಹಿಡಿಯಿರಿ. ಘಟ್ಟದ ಮೇಲಿನಿಂದ ಬರುವವರಿಗೆ ಶಿವಮೊಗ್ಗ, ತೀರ್ಥಹಳ್ಳಿ ದಾರಿ ಸಲೀಸು.

ಮಲೆನಾಡಿನ ಈ ಭಾಗದಲ್ಲಿ ಬಹುಕಾಲದಿಂದ ಜನರನ್ನು ಹೊತ್ತು ತಿರುಗಿದ್ದು ಖಾಸಗಿ ಬಸ್‌ಗಳು. ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಕೊಪ್ಪದ ಸಹಕಾರ ಸಾರಿಗೆಯೂ ಇತ್ತು. ಅದು 2020ರಲ್ಲಿ ನಿಂತುಹೋಯಿತು. ಕಾರ್ಮಿಕರೇ ಮಾಲೀಕರಾಗಿ ಮೂರು ದಶಕ ನಡೆಸಿದ ಸಂಸ್ಥೆ ಹಾಗೆ ಮುಚ್ಚಿದ್ದು ನನಗೆ ಇಂದಿಗೂ ನೋವಿನ ಸಂಗತಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಬಸ್ ಉಚಿತವಾಯಿತು. ಖಾಸಗಿ ಬಸ್ಸನ್ನೇ ನೆಚ್ಚಿದ ಊರುಗಳ ಹೆಣ್ಣುಮಕ್ಕಳು ಮಾತ್ರ ಇಂದಿಗೂ ಟಿಕೆಟ್ ಕೊಳ್ಳುತ್ತಾರೆ. ಇದು ಸರಿಯಾಗಲೇಬೇಕು. ನೀವೂ ಆಧಾರ್ ಕಾರ್ಡ್ ಜೊತೆಗೆ ಚಿಲ್ಲರೆ ಹಣ ಇಟ್ಟುಕೊಂಡು ಹೋಗಿ.

ಬಸ್ಸಿನ ವೇಳೆ ನಿಂತಿರುವುದು ಶಾಲೆ, ಆಸ್ಪತ್ರೆ, ಪೇಟೆಯ ಕೆಲಸಗಳ ಮೇಲೆ, ಪ್ರವಾಸಿಗರ ಅನುಕೂಲದ ಮೇಲಲ್ಲ. ಬೆಳಿಗ್ಗೆ ತೀರ್ಥಹಳ್ಳಿ ಕಡೆಗೆ ಮಕ್ಕಳಿಂದ ತುಂಬಿ ಹೋಗುವ ಬಸ್ಸು ಸಂಜೆ ಅವರನ್ನು ಒಬ್ಬೊಬ್ಬರನ್ನಾಗಿ ತೋಟದ ದಾರಿಗಳಲ್ಲಿ ಇಳಿಸುತ್ತಾ ಬರುತ್ತದೆ. ನಾನಿದ್ದ ಬಸ್ಸು ನಿಲ್ದಾಣವೇ ಇಲ್ಲದ ಒಂದು ತಿರುವಿನಲ್ಲಿ ನಿಂತಿತು. ಕೊಡೆ ಹಿಡಿದು ಕಾಯುತ್ತಿದ್ದ ಅಜ್ಜಿಗೆ ಕಂಡಕ್ಟರ್ ಕಿಟಕಿಯಿಂದಲೇ ಔಷಧಿಯ ಪೊಟ್ಟಣ ಕೊಟ್ಟು, “ಚಿಲ್ಲರೆ ನಾಳೆ ಕೊಡುತ್ತೇನೆ ಅಮ್ಮ” ಎಂದರು. ಯಾವ ಪ್ರಯಾಣಿಕರೂ ತಡವಾಯಿತೆಂದು ಗೊಣಗಲಿಲ್ಲ. ಇಲ್ಲಿ ಬಸ್ಸು ಅಂಚೆಯ ಕೆಲಸವನ್ನೂ ಮಾಡುತ್ತದೆ. ಐದು ಹತ್ತು ನಿಮಿಷದ ಲೆಕ್ಕದಲ್ಲಿ ಮುಂದಿನ ರೈಲು ಹಿಡಿಯುವ ಯೋಜನೆ ಹಾಕಬೇಡಿ.

ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನು ಇಳಿದ ತಕ್ಷಣ ನಿಲ್ದಾಣದ ಅಂಗಡಿಯಲ್ಲಿ ಕೇಳಿ. ಮೊಬೈಲ್‌ನಲ್ಲಿ ಸಿಗುವ ವೇಳಾಪಟ್ಟಿಗಿಂತ ಅಂಗಡಿಯವರ ಮಾತು ನಂಬಿಕೆಗೆ ಅರ್ಹ. ಸೂರ್ಯಾಸ್ತ ನೋಡಲು ನಿಂತರೆ ಆ ಬಸ್ಸು ತಪ್ಪುವ ಸಾಧ್ಯತೆಯೇ ಹೆಚ್ಚು, ಹಾಗಾಗಿ ರಾತ್ರಿ ಉಳಿಯುವ ಏರ್ಪಾಡು ಮಾಡಿಕೊಂಡೇ ಬನ್ನಿ. ಕುಂದಾದ್ರಿಗೆ ಬೆಟ್ಟದ ತುದಿಯವರೆಗೆ ಬಸ್ಸಿಲ್ಲ. ಗುಡ್ಡೇಕೇರಿ ಕಡೆಯಿಂದ ಆಟೊ ಅಥವಾ ಜೀಪು ಹಿಡಿಯಬೇಕು, ಹಿಂದಿರುಗುವ ಬಾಡಿಗೆಯನ್ನೂ ಸೇರಿಸಿ ಮೊದಲೇ ಮಾತಾಡಿಕೊಳ್ಳಿ. ಕಾಡಿನೊಳಗಿನ ಜಲಪಾತಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮಳೆಗಾಲದಲ್ಲಿ ಇಂಬಳಗಳ ಕಾಟವೂ ಇರುತ್ತದೆ.

ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಜಾಗವಿದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಡ್ಡ ಕುಸಿದು ಘಾಟಿ ಮುಚ್ಚಿದರೆ ಉಡುಪಿಗೆ ಇಳಿಯಲು ಶೃಂಗೇರಿ, ಕೆರೆಕಟ್ಟೆ, ಮಾಳದ ಮೂಲಕ ಕಾರ್ಕಳ ಸೇರುವ ದಾರಿ ಇದೆ. ಸುತ್ತು ಹೆಚ್ಚು, ಕಾಡಿನ ರಸ್ತೆ. ಆದ್ದರಿಂದ ಬೆಳಿಗ್ಗೆಯೇ ಹೊರಡಿ.