‘ಎಷ್ಟು ಉಳೀತು?’

ನಮ್ಮ ಅಡುಗೆಮನೆಗೆ ಬಂದವರು ಮೊದಲು ಒಂದು ಬಾಗಿಲು ತೆಗೆಯುತ್ತಾರೆ. ಕೈ ಬಿಟ್ಟರೆ ಅದು ತಾನೇ ಮೆಲ್ಲಗೆ ಮುಚ್ಚಿಕೊಳ್ಳುತ್ತದೆ. ಇನ್ನೊಂದು ಸಲ ತೆಗೆದು ನೋಡುತ್ತಾರೆ.

‘ಈ ಕಪಾಟೆಲ್ಲ ನೀವೇ ಮಾಡಿದ್ದಾ?’

ಹೌದು.

‘ಪೂರ್ತಿ?’

ಕಲ್ಲು, ನಲ್ಲಿ, ಕರೆಂಟು ಬಿಟ್ಟು ಪೂರ್ತಿ.

ಆಮೇಲೆ ಒಂದು ಗಳಿಗೆ ಮೌನ. ಕಣ್ಣು ಮೇಲಕ್ಕೆ ಹೋಗುತ್ತದೆ, ತುಟಿ ಅಲ್ಲಾಡುತ್ತದೆ. ಒಳಗೊಳಗೇ ಲೆಕ್ಕ. ಬಂತು ಅಂತ ನನಗೆ ಗೊತ್ತಾಗುತ್ತದೆ.

‘ಹಂಗಾದ್ರೆ ಎಷ್ಟು ಉಳೀತು?’

ಎರಡು ವರ್ಷದಿಂದ ಇದೇ. ಸಿಲಿಂಡರ್ ತರುವ ಹುಡುಗ ಕೇಳಿದ. ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ ಕೇಳಿದರು. ಹಲ್ಲಿನ ಡಾಕ್ಟರು ನನ್ನ ಬಾಯಲ್ಲಿ ಪೈಪು ಇಟ್ಟುಕೊಂಡೇ ಕೇಳಿದರು. ಮೊದಮೊದಲು ಮರ್ಯಾದೆಯಿಂದ ವಿವರಿಸುತ್ತಿದ್ದೆ. ಆಮೇಲೆ ಒಂದು ಜೋಕು ಮಾಡಿಕೊಂಡೆ: ‘ಎರಡು ಉಳಿ ಉಳೀತು ಸಾರ್, ಒಂದು ಅರ್ಧ ಇಂಚಿಂದು, ಒಂದು ಮುಕ್ಕಾಲಿಂದು.’ ಯಾರೂ ನಗಲಿಲ್ಲ. ಒಬ್ಬರು ಮಾತ್ರ ‘ಉಳಿ ಎಷ್ಟಾಯ್ತು?’ ಅಂದರು.

ಅದಕ್ಕೇ ಬರೆದುಬಿಡುತ್ತಿದ್ದೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುವುದು.

ಉತ್ತರ: 73,000 ರೂಪಾಯಿ. ಇಬ್ಬರು ಮಾಡ್ಯುಲರ್ ಕಿಚನ್‌ನವರು ಕೊಟ್ಟ ಕೊಟೇಶನ್ನಿನಲ್ಲಿ ಕಮ್ಮಿಯದು 2,65,000. ನನಗೆ ಆದದ್ದು 1,92,000. ಅದರಲ್ಲಿ 38,000 ಬರೀ ಹತ್ಯಾರಕ್ಕೆ. ಸಮಾಧಾನ ಆಯ್ತಾ?

ಆಗುವುದಿಲ್ಲ. ನನಗೆ ಗೊತ್ತು. ಯಾಕೆಂದರೆ ಈ ಉತ್ತರ ಕೊಟ್ಟಾಗ ಏನಾಗುತ್ತದೆ ಅನ್ನುವುದನ್ನು ಅಪ್ಪನ ತಿಥಿಯ ದಿನ ನೋಡಿದ್ದೇನೆ.

ಅವತ್ತು ಪುರೋಹಿತರು ಬಂದದ್ದೇ ತಡವಾಗಿ. ಮಧ್ಯಾಹ್ನ ಎರಡಾದರೂ ಎಲೆ ಹಾಕಿರಲಿಲ್ಲ, ವಡೆ ಇನ್ನೂ ಎಣ್ಣೆಯಲ್ಲಿತ್ತು. ಹಸಿದವರಿಗೆ ಹೊತ್ತು ಹೋಗಬೇಕಲ್ಲ. ನಮ್ಮ ಭಾವ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದರು. ನಾನು ಹೇಳಿದೆ. ಭಾವ ಬ್ಯಾಂಕಿನಲ್ಲಿ ಮೂವತ್ತು ವರ್ಷ ಇದ್ದವರು. ಫೋನು ತೆಗೆದರು.

‘ನಿನ್ನ ಕೂಲಿ ಹಿಡಿದ್ಯಾ ಇದರಲ್ಲಿ?’

‘ಯಾವ ಕೂಲಿ ಭಾವ?’

‘ಎಷ್ಟು ದಿನ ಕೆಲಸ ಮಾಡಿದೆ?’

ಹನ್ನೊಂದು ತಿಂಗಳು. ಭಾನುವಾರ, ಹಬ್ಬದ ರಜೆ ಎಲ್ಲ ಸೇರಿ 60 ದಿನ ಇರಬಹುದು ಅಂದೆ.

‘ಬಡಗಿಗೆ ದಿನಕ್ಕೆ 1,200 ಅಂತಿಟ್ಕೋ. 72,000. ನಿನಗೆ ಉಳಿದಿದ್ದು ಸಾವಿರ ರೂಪಾಯಿ ಕಣಯ್ಯ. ಅದೂ ನೀನು ಬಡಗಿಯಷ್ಟು ಚೆನ್ನಾಗಿ ಮಾಡಿದ್ದೀಯ ಅಂತ ಒಪ್ಪಿಕೊಂಡರೆ.’

ಹೀಗಂದು ಸಿಂಕಿನ ಮೇಲಿನ ಬಾಗಿಲು ನೋಡಿದರು. ಅದು ಪಕ್ಕದ್ದಕ್ಕಿಂತ ಚೂರು ಕೆಳಗಿದೆ. ಇದೆ. ನನಗೂ ಕಾಣುತ್ತದೆ. ದಿನಾ ಬೆಳಿಗ್ಗೆ ಕಾಣುತ್ತದೆ.

ಸ್ಟೌವಿನ ಮುಂದಿದ್ದ ಅಕ್ಕ ತಿರುಗದೇ ಹೇಳಿದಳು. ‘ರೀ, ನೀವು ದಿನಾ ಎರಡು ಗಂಟೆ ವಾಕಿಂಗ್ ಹೋಗ್ತೀರಲ್ಲ, ಅದಕ್ಕೆ ಯಾರು ಕೂಲಿ ಕೊಡ್ತಾರೆ?’ ಭಾವ ಫೋನು ಒಳಗಿಟ್ಟರು. ಆದರೆ ಸಾವಿರ ರೂಪಾಯಿ ಅನ್ನುವ ಮಾತು ನನ್ನ ತಲೆಯಲ್ಲಿ ಉಳಿಯಿತು. ನೋಡಿ, ಉಳಿದದ್ದು ಅದೊಂದು.

ಕೊಟ್ಟ ದುಡ್ಡಿನಲ್ಲಿ ಏನೇನು ಕಲಿತೆ ಅಂತಲಾದರೂ ಒಬ್ಬರು ಕೇಳಬಾರದಾ? ಪ್ಲೈವುಡ್ ವಿಷಯವನ್ನೇ ತೆಗೆದುಕೊಳ್ಳಿ. ಹಾಳೆಯ ಮೇಲೆ ಭಾರತೀಯ ಮಾನಕದ ನಂಬರು, ಐಎಸ್ 303 ಅಂತಲೋ ಐಎಸ್ 710 ಅಂತಲೋ ಮುದ್ರೆ ಇರುತ್ತದೆ. 303ರಲ್ಲಿ ಬಿಡಬ್ಲ್ಯೂಆರ್ (ಬಾಯ್ಲಿಂಗ್ ವಾಟರ್ ರೆಸಿಸ್ಟೆಂಟ್) ಅನ್ನುವ ದರ್ಜೆ ಆಗೀಗ ಬೀಳುವ ನೀರು ತಡೆಯುತ್ತದೆ. 710 ಅಂದರೆ ಮರೀನ್, ಅದನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷೆ ಮಾಡಬೇಕು ಅಂತ ನಿಯಮವೇ ಇದೆ. ಸಿಂಕಿನ ಕೆಳಗೆ ಇದನ್ನು ಬಿಟ್ಟು ಬೇರೆ ಹಾಕಬೇಡಿ. ಆದರೆ ಮುದ್ರೆ ಯಾರು ಬೇಕಾದರೂ ಒತ್ತಬಹುದಲ್ವಾ? ಮೂರು ಅಂಗಡಿಯಿಂದ ಅಂಗೈಯಗಲದ ತುಂಡು ತಂದೆ. ಒಂದು ಭಾನುವಾರ ಹಳೇ ಅಲ್ಯುಮಿನಿಯಂ ಪಾತ್ರೆಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಕುದಿಸಿದೆ. ಮನೆಯೆಲ್ಲ ಒದ್ದೆ ಮರದ ವಾಸನೆ. ಅಮ್ಮ ಬಂದು ಮುಚ್ಚಳ ತೆಗೆದು ‘ಏನೋ ಇದು, ಕಷಾಯನಾ?’ ಅಂದಳು. ಸಂಜೆ ಹೊತ್ತಿಗೆ ಎರಡು ತುಂಡು ಹಾಗೇ ಇದ್ದವು. ಮೂರನೆಯದು ಚಿರೋಟಿ ಥರ ಪದರ ಪದರವಾಗಿ ಬಿಚ್ಚಿಕೊಂಡಿತ್ತು. ಅದರ ಮೇಲೂ 710 ಅಂತಲೇ ಇತ್ತು.

ಮೈಸೂರಿನ ಕುವೆಂಪುನಗರದ ಮನೆ ನಮ್ಮದು, 1987ರಲ್ಲಿ ಅಪ್ಪ ಕಟ್ಟಿಸಿದ್ದು. ಅಡುಗೆ ಕಟ್ಟೆ ಕೆಳಗೆ ಕಡಪ ಕಲ್ಲಿನ ಶೆಲ್ಫುಗಳಿದ್ದವು. ಕಡಪ ಕಲ್ಲನ್ನು ನಾನು ಬೈಯುವುದಿಲ್ಲ. ಗೆದ್ದಲು ಹಿಡಿಯಲ್ಲ, ನೀರಿಗೆ ಉಬ್ಬಲ್ಲ. ತೊಂದರೆ ಏನು ಅಂದರೆ ಎರಡು ಅಡಿ ಆಳ. ಹಿಂದೆ ಇಟ್ಟದ್ದು ಹಿಂದೆಯೇ. ಅಮ್ಮನ ಮಂಡಿಗೆ ಬಗ್ಗಿ ಕೈ ಹಾಕುವುದು ಆಗದೇ ಹೋಯಿತು. ಕಲ್ಲು ಕೀಳುವಾಗ ಮೂಲೆಯಲ್ಲಿ ಒಂದು ಹಾರ್ಲಿಕ್ಸ್ ಬಾಟಲಿ ಸಿಕ್ಕಿತು. ಒಳಗೆ ಟಾರಿನ ಹಾಗೆ ಕಪ್ಪಗಾದ ಹುಣಸೆಹಣ್ಣು. ಎಸೆಯಲು ಹೋದರೆ ಅಮ್ಮ ಇಸ್ಕೊಂಡು ದೇವರ ಪಾತ್ರೆ ಬೆಳಗಲು ಇಟ್ಟುಕೊಂಡಳು.

ಹಳೇ ಮನೆಯ ಗೋಡೆಗಳು ನೇರ ಇರುವುದಿಲ್ಲ. ಮೂಲೆಯಿಂದ ಒಂದು ಗೋಡೆ ಮೇಲೆ ಮೂರು ಅಡಿಗೆ ಗುರುತು ಹಾಕಿ, ಇನ್ನೊಂದರ ಮೇಲೆ ನಾಲ್ಕು ಅಡಿಗೆ. ಎರಡು ಗುರುತಿನ ನಡುವೆ ಸರಿಯಾಗಿ ಐದು ಅಡಿ ಬಂದರೆ ಮೂಲೆ ಮಟ್ಟವಾಗಿದೆ ಅಂತ ಅರ್ಥ. ನಮ್ಮದು ಮುಕ್ಕಾಲು ಇಂಚು ಜಾಸ್ತಿ ಬಂತು. ಇದನ್ನು ಹೇಳಿಕೊಟ್ಟವರು ಹಿಂದಿನ ಬೀದಿಯ ಬಡಗಿ ಆಚಾರ್ರು. ವಯಸ್ಸಾಗಿದೆ, ಒಂದು ಕಣ್ಣು ಕಾಣಲ್ಲ, ಕೆಲಸ ಬಿಟ್ಟಿದ್ದಾರೆ. ಬಾಯಲ್ಲಿ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಹಾಗೆ ಬರೆದುಕೊಂಡದ್ದರಿಂದಲೇ ದೊಡ್ಡ ಎಡವಟ್ಟಾಯಿತು.

ಡ್ರಾಯರ್ ಎಳೆದರೆ ಸರಾಗ ಬರುವುದಕ್ಕೆ ಎರಡೂ ಪಕ್ಕ ಟೆಲಿಸ್ಕೋಪಿಕ್ ಚಾನೆಲ್, ಅಂದರೆ ಒಂದರೊಳಗೊಂದು ಜಾರುವ ಲೋಹದ ಪಟ್ಟಿ, ಹಾಕಬೇಕು. ಅದಕ್ಕೆ ಜಾಗ ಬಿಡಬೇಕು. ಎಷ್ಟು ಅಂತ ಕೇಳಿದೆ. ‘ಎರಡೂ ಕಡೆ ನಾಲ್ಕು ನಾಲ್ಕು ಬಿಡಿ ಸಾರ್’ ಅಂದರು. ನಾಲ್ಕು ಏನು ಅಂತ ನಾನು ಕೇಳಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಎಲ್ಲ ಮಿಲಿಮೀಟರು. ನಾಲ್ಕು ಮಿಲಿಮೀಟರು ಅಂತ ಬರೆದುಕೊಂಡೆ. 450 ಮಿಲಿಮೀಟರಿನ ಸಂದಿಗೆ 442ರ ಡ್ರಾಯರು, ಒಂದಲ್ಲ, ಮೂರು. ಫೆವಿಕಾಲ್ ಹಚ್ಚಿ, ಮೊಳೆ ಹೊಡೆದು, ರಾತ್ರಿಯೆಲ್ಲ ಕ್ಲಾಂಪ್ ಬಿಗಿದು ಇಟ್ಟೆ. ಬೆಳಿಗ್ಗೆ ಚಾನೆಲ್ ಇಟ್ಟು ನೋಡಿದರೆ ಒಳಗೆ ಹೋಗಲೇ ಇಲ್ಲ. ಕರೆದುಕೊಂಡು ಬಂದು ತೋರಿಸಿದೆ. ಆಚಾರ್ರು ಡ್ರಾಯರನ್ನು ತಿರುಗಿಸಿ ತಿರುಗಿಸಿ ನೋಡಿದರು.

‘ನಾಲ್ಕು ನೂಲು ಸಾರ್ ನಾನು ಹೇಳಿದ್ದು.’

ಇಂಚಿಗೆ ಎಂಟು ನೂಲು. ನಾಲ್ಕು ನೂಲು ಅಂದರೆ ಅರ್ಧ ಇಂಚು, ಹೆಚ್ಚುಕಮ್ಮಿ 13 ಮಿಲಿಮೀಟರು. ಡ್ರಾಯರು 424 ಇರಬೇಕಿತ್ತು. ಫೆವಿಕಾಲ್ ಒಣಗಿದ ಮೇಲೆ ಬಿಚ್ಚಲು ಹೋದರೆ ಅಂಟು ಬಿಡಲ್ಲ, ಪ್ಲೈಯೇ ಕಿತ್ತು ಬರುತ್ತದೆ. ಎರಡನ್ನು ಕೊಯ್ದು ಹಾಳು ಮಾಡಿದೆ. ಮೂರನೆಯದನ್ನು ಮುಟ್ಟಲು ಮನಸ್ಸಾಗದೆ ತಾರಸಿಯ ಮೂಲೆಗೆ ತಳ್ಳಿದೆ.

ಇಂಥವು ಇನ್ನೂ ಇವೆ. ಗರಗಸದ ಬ್ಲೇಡು ಪ್ರತಿ ಸಲ ಕೊಯ್ಯುವಾಗ ಸುಮಾರು 3 ಮಿಲಿಮೀಟರ್ ತಿನ್ನುತ್ತದೆ. ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಮೊದಲ ಹಾಳೆ ಪೂರ್ತಿ ಗುರುತು ಹಾಕಿದ್ದೆ. ಬಾಗಿಲಿನ ಹಿಂಜಿಗೆ 35 ಮಿಲಿಮೀಟರ್ ಅಗಲದ ಗುಂಡಿ ಕೊರೆಯಬೇಕು, 12 ಆಳ. ಬಾಗಿಲು ಇರುವುದೇ 18 ದಪ್ಪ. ಒಂದು ಕಡೆ ಕೈ ಒತ್ತಿ ಜಾಸ್ತಿ ಇಳಿಯಿತು, ಡ್ರಿಲ್ಲಿನ ಮೊನೆ ಆಚೆಯ ಲ್ಯಾಮಿನೇಟಿನಿಂದ ಇಣುಕಿ ನೋಡಿತು. ಅಲ್ಲಿ ಈಗ ಹಾಲಿನ ಲೆಕ್ಕದ ಚೀಟಿ ಅಂಟಿಸಿದ್ದೇವೆ.

ಸರಿ, ಇಷ್ಟೆಲ್ಲ ಪಾಡು ಯಾಕೆ? ಕೊಟೇಶನ್ ಕೊಟ್ಟವರಿಗೇ ಮಾಡಲು ಹೇಳಬಹುದಿತ್ತಲ್ಲ?

ಅವರ ಶೋರೂಮಿಗೆ ಹೋಗಿದ್ದೆ. ಎಸಿ ಹಾಕಿ, ಜ್ಯೂಸ್ ಕೊಟ್ಟು, ಕಂಪ್ಯೂಟರಿನಲ್ಲಿ ನಮ್ಮ ಅಡುಗೆಮನೆಯ ಚಿತ್ರ ತೋರಿಸಿದರು. ಬೆಳ್ಳಗೆ ಹೊಳೆಯುವ ಕಪಾಟು, ಕಟ್ಟೆ ಮೇಲೆ ಒಂದು ಬಟ್ಟಲಿನಲ್ಲಿ ಹಸಿರು ಸೇಬು. ನಮ್ಮ ಮನೆಯಲ್ಲಿ ಹಸಿರು ಸೇಬು ಯಾರೂ ತಿನ್ನುವುದಿಲ್ಲ. ಆದರೂ ಚೆನ್ನಾಗಿದೆ ಅಂದೆ. ಪಕ್ಕದಲ್ಲಿ ಕೂತಿದ್ದ ಅಮ್ಮ ಬಹಳ ಹೊತ್ತು ನೋಡಿ ಒಂದು ಮಾತು ಕೇಳಿದಳು.

‘ಈಳಿಗೆ ಮಣೆ ಎಲ್ಲಿಡೋದಪ್ಪ?’

ಆ ಹುಡುಗ ನನ್ನ ಮುಖ ನೋಡಿದ. ನಾನು ವಿವರಿಸಿದೆ. ‘ಓ, ಅದನ್ನ ಯುಟಿಲಿಟಿಯಲ್ಲಿ ಎಲ್ಲಾದ್ರೂ ಇಟ್ಕೋಬಹುದು ಆಂಟಿ’ ಅಂದ. ಒಳ್ಳೆ ಹುಡುಗನೇ. ಅವನ ತಪ್ಪಲ್ಲ. 450, 600, 900 ಮಿಲಿಮೀಟರು ಅಂತ ಅವರದ್ದು ಸಿದ್ಧ ಅಳತೆ. ಈಳಿಗೆ ಮಣೆಗೆ ಅಳತೆ ಅಂತ ಇಲ್ಲವೇ ಇಲ್ಲ.

ನನ್ನನ್ನು ಯಾರಾದರೂ ಕೇಳಲಿ ಅಂತ ಕಾಯುತ್ತಿರುವುದು ಈ ಪ್ರಶ್ನೆಯನ್ನೇ. ಈಳಿಗೆ ಮಣೆ ಎಲ್ಲಿಡ್ತೀರಿ? ಯಾರೂ ಕೇಳಿಲ್ಲ. ಅದಕ್ಕೆ ನಾನೇ ಹೇಳುತ್ತೇನೆ.

ನಮ್ಮದು ಹಲಸಿನ ಮರದ ಮಣೆ, ಅಜ್ಜಿಯ ಕಾಲದ್ದು. ಹದಿನಾರು ಇಂಚು ಉದ್ದ, ಕೂತು ಕೂತು ಒಂದು ಕಡೆ ನುಣುಪಾಗಿ ತಗ್ಗಾಗಿದೆ. ಮುಂದಿನ ತುದಿಯಿಂದ ಕಬ್ಬಿಣದ ಅಲಗು ಎದ್ದು, ಕೊಕ್ಕರೆ ಕತ್ತಿನ ಹಾಗೆ ಮುಂದಕ್ಕೆ ಬಾಗಿದೆ. ತುದಿಯಲ್ಲಿ ಕಾಯಿ ತುರಿಯುವ ಹಲ್ಲು. ನೆಲದಿಂದ ಆ ಹಲ್ಲಿಗೆ ಹತ್ತು ಇಂಚು. ಡ್ರಾಯರಿನಲ್ಲಿಟ್ಟರೆ ಮೇಲಿನ ಡ್ರಾಯರಿಗೆ ಸಿಕ್ಕಿಕೊಳ್ಳುತ್ತದೆ. ಶೆಲ್ಫಿನಲ್ಲಿಟ್ಟರೆ ಕತ್ತಲಲ್ಲಿ ಕೈ ಹಾಕಿದವರ ಬೆರಳು ಹೋಗುತ್ತದೆ. ಮೇಲಿಡಲು ಭಾರ. ಗೋಡೆಗೆ ಆನಿಸಿ ನೆಲದಲ್ಲಿಟ್ಟರೆ ಯಾರಾದರೂ ಎಡವುತ್ತಾರೆ, ನಾನೇ ಎಡವಿದ್ದೇನೆ, ಬಲಗಾಲಿನಲ್ಲಿ ಕಲೆ ಇದೆ. ತೆಂಗಿನಕಾಯಿ ತುರಿಯಲು ಮಿಕ್ಸಿಗೆ ಹಾಕುವ ಯಂತ್ರ ತಂದುಕೊಟ್ಟಿದ್ದೆವು. ಅಮ್ಮ ಎರಡು ದಿನ ಬಳಸಿ, ತುರಿ ಒದ್ದೆ ಒದ್ದೆ ಅಂತ ಅದನ್ನು ಕೆಲಸದವಳಿಗೆ ಕೊಟ್ಟಳು.

ಶೋರೂಮಿನಿಂದ ಬಂದ ರಾತ್ರಿ ನಾನು ಮೊದಲು ಅಳೆದದ್ದು ಅಡುಗೆಮನೆಯನ್ನಲ್ಲ, ಈಳಿಗೆ ಮಣೆಯನ್ನು. ಆಮೇಲೆ ದೊಡ್ಡ ಕುಕ್ಕರು, ಗ್ರೈಂಡರು, ಒತ್ತು ಶಾವಿಗೆಯ ಒರಳು, ವರ್ಷಕ್ಕೆ ಎರಡೇ ಸಲ ಇಳಿಯುವ ಹೋಳಿಗೆ ಹೆಂಚು. ನನ್ನ ಹೆಂಡತಿಯ ಎತ್ತರ ನಾಲ್ಕು ಅಡಿ ಹನ್ನೊಂದು ಇಂಚು. ಸ್ಟೌ ಇರುವ ಕಡೆ ಕಟ್ಟೆ 32 ಇಂಚಿಗೆ ನಿಂತಿತು, ಸಿಂಕಿನ ಕಡೆ 34. ಪಾತ್ರೆ ತೊಳೆಯುವಾಗ ಕೈ ಸಿಂಕಿನ ಒಳಗೆ ಇಳಿಯುತ್ತದೆ, ಅಲ್ಲಿ ಕಟ್ಟೆ ಎತ್ತರ ಇದ್ದರೇ ಬೆನ್ನಿಗೆ ಒಳ್ಳೆಯದು. ನೋಡಿದವರೆಲ್ಲ ‘ಕಲ್ಲಿನವರು ಲೆವೆಲ್ ತಪ್ಪಿಸಿದ್ದಾರೆ’ ಅನ್ನುತ್ತಾರೆ. ಅನ್ನಲಿ. ಕಪಾಟುಗಳೆಲ್ಲ ನಾಲ್ಕು ಇಂಚಿನ ಪ್ಲಾಸ್ಟಿಕ್ ಕಾಲಿನ ಮೇಲೆ ನಿಂತಿವೆ, ಯಾಕೆಂದರೆ ನಮ್ಮ ಮನೆಯಲ್ಲಿ ಶುಕ್ರವಾರ ನೆಲ ಒರೆಸುವುದಿಲ್ಲ, ಬಕೆಟ್‌ನಲ್ಲಿ ನೀರು ಹಾಕಿ ತೊಳೆಯುತ್ತಾರೆ. ಸಿಲಿಂಡರಿನ ಬಾಗಿಲಿಗೆ ಕೆಳಗಡೆ ತೂತುಗಳಿವೆ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಇಳಿಯುತ್ತದೆ. ತೂತು ಮೇಲಿದ್ದರೆ ಏನೂ ಪ್ರಯೋಜನ ಇಲ್ಲ. ಇದನ್ನೂ ಯಾರೂ ಕೇಳಿಲ್ಲ.

ಆದರೆ ಈಳಿಗೆ ಮಣೆಗೆ ನಾನು ಬರೆದಿದ್ದ ಜಾಗ ಕೂಡಲಿಲ್ಲ. ಸ್ಟೌ ಪಕ್ಕದ ಕೆಳಗಿನ ಕಪಾಟಿನಲ್ಲಿ ಹದಿನೈದು ಇಂಚು ಎತ್ತರದ ಜಾಗ ಖಾಲಿ ಬಿಟ್ಟಿದ್ದೆ, ಅದೂ 450ರ ಸಂದಿಯೇ. ಮಣೆ ಒಳಗೆ ಹೋಗುತ್ತಿತ್ತು, ಹೊರಗೆ ತೆಗೆಯುವಾಗ ಅಲಗಿಗೇ ಕೈ ಬರುತ್ತಿತ್ತು. ತಿಂಗಳುಗಟ್ಟಲೆ ಹಾಗೇ ಇತ್ತು. ಒಂದು ದಿನ ತಾರಸಿ ಗುಡಿಸುವಾಗ ಆ ಮೂರನೆಯ ಡ್ರಾಯರು ಕಂಡಿತು. 442. ಕೆಳಗೆ ತಂದು ಚಾನೆಲ್ಲೂ ಇಲ್ಲದೆ, ಏನೂ ಇಲ್ಲದೆ, ಸುಮ್ನೆ ಆ ಖಾಲಿಗೆ ತಳ್ಳಿದೆ. ಎರಡೂ ಕಡೆ ನಾಲ್ಕು ನಾಲ್ಕು ಮಿಲಿಮೀಟರ್ ಬಿಟ್ಟು ಒಳಗೆ ಹೋಗಿ ಕೂತಿತು. ಮುಂದಿನ ಹಲಗೆಗೆ ಎರಡು ತೂತು ಕೊರೆದು ಹಗ್ಗದ ಹಿಡಿ ಕಟ್ಟಿದೆ. ಈಳಿಗೆ ಮಣೆಯನ್ನು ಅಲಗು ಗೋಡೆ ಕಡೆ ಮಾಡಿ ಅದರೊಳಗಿಟ್ಟೆ. ಪೆಟ್ಟಿಗೆ ಎಳೆದರೆ ಮೊದಲು ಬರುವುದು ಮಣೆ, ಕೊನೆಗೆ ಅಲಗು.

ಅದಕ್ಕೆ ಬಾಗಿಲಿಲ್ಲ, ಲ್ಯಾಮಿನೇಟ್ ಇಲ್ಲ. ಬಂದವರು ಅದನ್ನು ನೋಡಿ ಇನ್ನೂ ಕೆಲಸ ಬಾಕಿ ಇದೆ ಅಂದುಕೊಳ್ಳುತ್ತಾರೆ. ಆಚಾರ್ರು ಒಬ್ಬರೇ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಹಗ್ಗ ಹಿಡಿದು ಎಳೆದು, ಒಳಗೆ ತಳ್ಳಿ, ಮತ್ತೆ ಎಳೆದರು. ಉಳಿತಾಯದ ವಿಷಯ ಕೇಳಲಿಲ್ಲ. ‘ಸ್ವಲ್ಪ ಹಿಡೀತಾ ಇದೆ. ತಳಕ್ಕೆ ಮೇಣದಬತ್ತಿ ಉಜ್ಜಿ ಸಾರ್’ ಅಂದರು.

ಉಜ್ಜಿದೆ. ಈಗ ಬೆಳಿಗ್ಗೆ ಕಾಯಿ ತುರಿಯುವ ಹೊತ್ತಿಗೆ ಅಮ್ಮ ಬಗ್ಗುವುದೂ ಇಲ್ಲ. ಕಟ್ಟೆಗೆ ಒಂದು ಕೈ ಆನಿಸಿಕೊಂಡು, ಕಾಲಿನ ಹೆಬ್ಬೆರಳಿಗೆ ಹಗ್ಗ ಸಿಕ್ಕಿಸಿ ಎಳೆಯುತ್ತಾಳೆ.