ಕಿಕ್ ಹೊಡೆಯುವ ಮೊದಲು

ವರ್ಷಗಟ್ಟಲೆ ನಿಂತ ಬೈಕ್ ಕಂಡರೆ ಯಾರಿಗೂ ಕಾಲು ಸುಮ್ನಿರುವುದಿಲ್ಲ. ಒಂದು ಕಿಕ್ ಹೊಡೆದು ನೋಡೋಣ ಅನ್ನಿಸುತ್ತದೆ. ದಯವಿಟ್ಟು ಹೊಡೆಯಬೇಡಿ. ಇದನ್ನು ಹೇಳುವುದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ನಮ್ಮ ದೊಡ್ಡಪ್ಪನ ಯೆಜ್ಡಿ ರೋಡ್‌ಕಿಂಗ್ ತೀರ್ಥಹಳ್ಳಿ ಹತ್ತಿರದ ಮನೆಯ ಕೊಟ್ಟಿಗೆಯಲ್ಲಿ, ಅಡಿಕೆ ಚೀಲಗಳ ಹಿಂದೆ ನಿಂತಿತ್ತು. 1983ರ ಗಾಡಿ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. ಮೊದಲು ಅಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ಪರವಾನಗಿ ಪಡೆದು ತಯಾರಿಸುತ್ತಿದ್ದರು. 70ರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಉತ್ಪಾದನೆ ನಿಂತಿತು. ದೊಡ್ಡಪ್ಪ ಇದೇ ಗಾಡಿಯಲ್ಲಿ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿ ಬರುತ್ತಿದ್ದರು. ಮಂಡಿ ನೋವು ಜಾಸ್ತಿಯಾದ ಮೇಲೆ ಬಿಟ್ಟರು. ಮಾರುವ ಮಾತು ಎತ್ತಿದರೆ ಎದ್ದು ತೋಟದ ಕಡೆ ಹೊರಟುಬಿಡುತ್ತಿದ್ದರು. ಕೊನೆಗೆ ಅವರೇ ಕರೆದು, "ಪುಟ್ಟಿ, ನೀನು ಓಡಿಸ್ತೀಯಾದ್ರೆ ತಗೊಂಡು ಹೋಗು" ಅಂದರು.

ಮಲೆನಾಡಿನ ಮಳೆಗಾಲವನ್ನು ಯಾವ ಕಬ್ಬಿಣವೂ ಸುಮ್ಮನೆ ದಾಟುವುದಿಲ್ಲ. ನಿಂತ ಇಂಜಿನ್ನಿನೊಳಗೆ ತೇವ ಸೇರಿ ಬೋರಿಗೆ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆಗೆ ತುಕ್ಕು ಹಿಡಿಯುತ್ತದೆ, ಪಿಸ್ಟನ್ ಸುತ್ತಲಿನ ರಿಂಗುಗಳು ಕಚ್ಚಿಕೊಳ್ಳುತ್ತವೆ. ಇದು ಟೂ ಸ್ಟ್ರೋಕ್ ಬೇರೆ. ಪೆಟ್ರೋಲಿನ ಜೊತೆ ಬರುವ ಆಯಿಲ್ ಬಿಟ್ಟರೆ ಪಿಸ್ಟನ್ನಿಗೂ, ಅದರ ಏರಿಳಿತದಿಂದ ತಿರುಗುವ ಕ್ರಾಂಕಿನ ಬೇರಿಂಗಿಗೂ ಬೇರೆ ಜಿಡ್ಡಿಲ್ಲ. ಒಣಗಿದ ಬೋರಿನಲ್ಲಿ ಜೋರಾಗಿ ಕಿಕ್ ಹೊಡೆದರೆ ಗೆರೆ ಬೀಳುತ್ತದೆ. ರಿಂಗ್ ಮುರಿದು ಸಿಲಿಂಡರ್ ಗೋಡೆಯ ಕಿಂಡಿಗೆ, ಅಂದರೆ ಪೋರ್ಟಿಗೆ ಸಿಕ್ಕಿಕೊಂಡರೆ ಸಿಲಿಂಡರೇ ಹೋಯಿತು.

ಶಿವಮೊಗ್ಗದಿಂದ ಬಂದ ಮೇಸ್ತ್ರಿ ಮೊದಲ ದಿನ ಸ್ಪಾರ್ಕ್ ಪ್ಲಗ್ ಬಿಟ್ಟು ಬೇರೇನೂ ಬಿಚ್ಚಲಿಲ್ಲ. ಆ ತೂತಿನಿಂದ ಡೀಸೆಲ್ ಮತ್ತು ಇಂಜಿನ್ ಆಯಿಲ್ ಬೆರೆಸಿ ಒಂದಿಷ್ಟು ಸುರಿದರು. "ಇರ್ಲಿ ಬಿಡಿ ಅಕ್ಕಾ, ಕುಡೀಲಿ ಅದು" ಅಂತ ಹೇಳಿ ಹೊರಟೇಹೋದರು. ಮುಂದಿನ ವಾರ ಬಂದಾಗಲೂ ಕಿಕ್ ಮುಟ್ಟಲಿಲ್ಲ. ಈ ಗಾಡಿಗಳಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ, ಗೊತ್ತಲ್ವಾ? ಅದನ್ನು ಮುಂದಕ್ಕೆ ಮಡಚಿ ನಾಲ್ಕನೇ ಗೇರಿಗೆ ಹಾಕಿದರು. ಹಿಂದಿನ ಚಕ್ರವನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಹಿಂದೆ ಮುಂದೆ ಆಡಿಸಿದರು. ತುಂಬಾ ಹೊತ್ತು ಏನೂ ಆಗಲಿಲ್ಲ. ಆಮೇಲೆ ಚಕ್ರ ಒಂದು ಬೆರಳಿನಷ್ಟು ಜರುಗಿತು. ನನಗೆ ಕೂಗಿಬಿಡುವಷ್ಟು ಖುಷಿ.

ಇಷ್ಟಾದ ಮೇಲೆ ಕಿಡಿ ಬರಿಸಿ ಸ್ಟಾರ್ಟ್ ಮಾಡಿಬಿಡಬಹುದಿತ್ತು. ಬಹಳ ಜನ ಅದನ್ನೇ ಮಾಡುತ್ತಾರೆ. ಆದರೆ ನಿಂತ ಟೂ ಸ್ಟ್ರೋಕ್ ಗಾಡಿಯಲ್ಲಿ ನಿಜವಾಗಿ ಹೆದರಬೇಕಾದದ್ದು ಕ್ರಾಂಕಿನ ಆಯಿಲ್ ಸೀಲಿಗೆ, ಅಂದರೆ ಅದರ ಎರಡು ಕಡೆ ಗಾಳಿ, ಆಯಿಲ್ ದಾಟದಂತೆ ತಡೆಯುವ ರಬ್ಬರ್ ಬಳೆಗೆ. ಪಿಸ್ಟನ್ ಮೇಲೆ ಹೋದಾಗ ಕ್ರಾಂಕ್ ಇರುವ ಗೂಡಿನೊಳಗೆ, ಅಂದರೆ ಕ್ರಾಂಕ್ ಕೇಸಿನೊಳಗೆ ಎಳೆತ ಹುಟ್ಟುತ್ತದೆ. ಕಾರ್ಬುರೇಟರಿನಿಂದ ಪೆಟ್ರೋಲ್ ಬರುವುದು ಆ ಎಳೆತದಿಂದಲೇ. ಕ್ರಾಂಕಿನ ಎರಡೂ ಕಡೆಯ ಸೀಲುಗಳು ಬಿಗಿಯಾಗಿದ್ದರೆ ಮಾತ್ರ ಇದು ಸರಿಯಾಗಿ ನಡೆಯುತ್ತದೆ. ಎಡಗಡೆ, ಕ್ಲಚ್ ಕಡೆಯ ಸೀಲ್ ಹೋಗಿದ್ದರೆ ಇಂಜಿನ್ ಗೇರ್ ಆಯಿಲನ್ನೇ ಎಳೆದುಕೊಂಡು ಸುಡುತ್ತದೆ. ದಟ್ಟ ಬಿಳಿ ಹೊಗೆ ಬರುತ್ತದೆ, ಗೇರ್ ಬಾಕ್ಸ್ ಖಾಲಿಯಾಗುತ್ತಾ ಹೋಗುತ್ತದೆ. ಬಲಗಡೆಯದು ಹೋದರೆ ಹೊಗೆಯಂಥ ಗುರುತೂ ಇರುವುದಿಲ್ಲ. ಸುಮ್ನೆ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ, ಆಯಿಲೂ ಕಡಿಮೆ. ಎಕ್ಸಿಲರೇಟರ್ ಬಿಟ್ಟರೂ ಇಂಜಿನ್ ಇಳಿಯದೆ ಕಿರುಚುತ್ತದೆ. "ಆಹಾ, ಎಷ್ಟು ಚೆನ್ನಾಗಿ ಏಳ್ತಿದೆ" ಅಂತ ನಾವು ಸಂತೋಷಪಡುತ್ತಿರುವಾಗಲೇ ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಂಡು ಸೀಜ್ ಆಗುತ್ತದೆ.

ಹಾಗಾಗಿ ಇಂಜಿನ್ ಇಳಿಸಿ ಪೂರ್ತಿ ಬಿಚ್ಚಿದೆವು. ಹಳೇ ಸೀಲನ್ನು ಮೇಸ್ತ್ರಿ ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಮುರಿಯಿತು. ಸೀಲು, ಬೇರಿಂಗು, ಕ್ಲಚ್ಚಿನ ಕಾರ್ಕ್ ಪ್ಲೇಟುಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಿದೆ. ಹೊರಗೆ ಮಿರಮಿರ ಹೊಳೆಯುವ ಲೋಕಲ್ ಮಾಲು ಬೇಕಾದಷ್ಟು ಸಿಗುತ್ತದೆ. ಟ್ಯಾಂಕಿನ ಬ್ಯಾಡ್ಜಿಗೆ ಅದು ನಡೆದೀತು. ಸೀಲಿಗೂ ಬೇರಿಂಗಿಗೂ ಮಾತ್ರ ಅಗ್ಗದ್ದು ಬೇಡವೇ ಬೇಡ.

ಟ್ಯಾಂಕಿನೊಳಗೆ ಕೆಂಪು ಕೆಸರಿತ್ತು. ನಟ್ಟು ಬೋಲ್ಟು ಹಾಕಿ ಕುಲುಕಿ, ವಿನೆಗರ್ ತುಂಬಿಟ್ಟು, ಅಡುಗೆ ಸೋಡಾ ನೀರಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಕೂಡಲೇ ಒಳಗೆಲ್ಲ ಆಯಿಲ್ ಆಡಿಸಿದೆ. ಸೈಲೆನ್ಸರಿನ ಒಂದು ಕೊಳವೆಯಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿತ್ತು, ಇನ್ನೊಂದರಲ್ಲಿ ಹಳೇ ಕಾರ್ಬನ್. ಆ ಕಾರ್ಬನ್ನಿಗೆ ಕಾಸ್ಟಿಕ್ ಸೋಡಾ ಬಳಸಿದೆವು. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಅಲ್ಯೂಮಿನಿಯಂ ಭಾಗಗಳಿಗೆ ಅದನ್ನು ತಾಗಿಸಲೇಬೇಡಿ, ತಿಂದುಹಾಕುತ್ತದೆ. ಕಿಡಿ ಹುಟ್ಟಿಸಲು ಕರೆಂಟ್ ಕಡಿದು ಬಿಡುವ ಪಾಯಿಂಟ್ ಉಜ್ಜಿ 0.4 ಮಿ.ಮೀ. ಗ್ಯಾಪ್ ಕೊಟ್ಟು ಹೊಸ ಕಂಡೆನ್ಸರ್ ಹಾಕಿದ ಮೇಲೆ ಕಿಡಿ ನೀಲಿಯಾಗಿ ಬಂತು.

ಈಗಿನ ಪೆಟ್ರೋಲ್ ಬಗ್ಗೆ ಒಂದು ಮಾತು. ಬಂಕಿನಲ್ಲಿ ಸಿಗುವುದರಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ನೀರು ಹೀರುತ್ತದೆ. ನೀರು ಜಾಸ್ತಿಯಾದಾಗ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಆಯಿಲ್ ಮಾತ್ರ ಮೇಲೆ, ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ನಲ್ಲಿಯಿಂದ ಮೊದಲು ಬರುವುದು ಆ ತಳದ್ದೇ ಅಲ್ವಾ? ಟೂ ಸ್ಟ್ರೋಕಿಗೆ ಅದು ವಿಷ. ಅದಕ್ಕೇ ನಾನು ಬೇಕಾದಷ್ಟೇ ಹಾಕಿಸುತ್ತೇನೆ. ಒಂದು ವಾರ ನಿಲ್ಲಿಸುವುದಿದ್ದರೂ ನಲ್ಲಿ ಮುಚ್ಚಿ, ಇಂಜಿನ್ ತಾನಾಗಿ ಆರುವವರೆಗೆ ಓಡಿಸಿ ಕಾರ್ಬುರೇಟರ್ ಖಾಲಿ ಮಾಡುತ್ತೇನೆ.

ಗಾಡಿ ಶುರುವಾದದ್ದು ದೀಪಾವಳಿಯ ಹಿಂದಿನ ದಿನ. ಎರಡೂ ಸೈಲೆನ್ಸರಿನಿಂದ ಹೊಗೆ ಬಂದು ಅಂಗಳ ತುಂಬಿತು. ದೊಡ್ಡಪ್ಪ ಜಗಲಿಯಿಂದಲೇ, "ಆಯಿಲ್ ಜಾಸ್ತಿಯಾಯ್ತು" ಅಂದರು. ಲೀಟರಿಗೆ 40 ಎಂ.ಎಲ್. ಹಾಕಿದ್ದೆ, ಹೊಸ ರಿಂಗ್ ಕೂರುವವರೆಗೆ ಅಷ್ಟಿರಲಿ ಅಂತ. ಹೇಳಿದೆ. ಅವರು ಒಪ್ಪಲಿಲ್ಲ, ಆದರೆ ನಿಂತಾಗಿನ ಇಂಜಿನ್ ವೇಗ ಸರಿಮಾಡುವ ಸ್ಲೋ ಸ್ಕ್ರೂ ತಿರುಗಿಸಲು ತಾವೇ ಕೆಳಗಿಳಿದು ಬಂದರು.

ಇನ್ನು ಆರ್.ಸಿ. ಕೆಲಸ ಬಾಕಿ ಇದೆ. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. 2021ರ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಆದರೆ ಅದರಲ್ಲಿ ದಿನಾ ಓಡಿಸುವಂತಿಲ್ಲ. ಇದಕ್ಕೆ ಅಷ್ಟು ವಯಸ್ಸಾಗಿಲ್ಲ, ಆಗಿದ್ದರೂ ನನಗದು ಬೇಡ. ನನಗೆ ಇದರಲ್ಲಿ ತೀರ್ಥಹಳ್ಳಿ ಸಂತೆಗೆ ಹೋಗಬೇಕು. ತಪಾಸಣೆಗೆ ಮೊದಲು ಬ್ರೇಕ್ ಲೈಟಿನ ಸ್ವಿಚ್ ಹಾಕಬೇಕು, ಮುಂದಿನ ಬ್ರೇಕ್ ಶೂ ಬದಲಿಸಬೇಕು. ಶೂ ಬಂದಿದೆ. ಭಾನುವಾರ ಮೇಸ್ತ್ರಿ ಬರುತ್ತಾರೆ.